ಬೈದದ್ದಲ್ಲ, ಒಲ್ಲೆ ಅಂದದ್ದು

ಐವತ್ತರ ದಶಕದ ಕೊನೆ. ನಮ್ಮ ಮನೆಯವರೆಲ್ಲ ಬೌದ್ಧರಾದ ಹೊಸತು. ಹುಬ್ಬಳ್ಳಿಯ ನಮ್ಮ ಓಣಿಯಲ್ಲಿ ಒಂದು ಸಂಜೆ ಅಕ್ಕ ಜನರೆದುರು ನಿಂತು, ಇನ್ನು ಮೇಲೆ ಹಳೆಯ ದೇವರುಗಳನ್ನು ಪೂಜಿಸುವುದಿಲ್ಲ ಎಂದು ಪ್ರತಿಜ್ಞೆ ಮಾಡಿದಳು. ಅವಳ ದನಿ ಮೊದಲೇ ದೊಡ್ಡದು; ಅಡುಗೆಮನೆಯಲ್ಲಿ ಪಿಸುಗುಟ್ಟಿದರೂ ಬೀದಿಗೆ ಕೇಳಿಸುತ್ತಿತ್ತು. ಮೂಲೆಯ ಕಿರಾಣಿ ಅಂಗಡಿಯವನಿಗೂ ಕೇಳಿಸಿತು. ನಮ್ಮ ದೇವರಿಗೆ ಬೈದಳು, ಧರ್ಮಕ್ಕೆ ಅವಮಾನ ಮಾಡಿದಳು, ಇದು ಕಾಯದೆಯ ಪ್ರಕಾರ ಗುನ್ನೆ ಎಂದು ಅವನು ಪೊಲೀಸರಿಗೆ ಅರ್ಜಿ ಕೊಟ್ಟ.

ಅಕ್ಕನಿಗೆ ಆಗಷ್ಟೇ ಸುಳ್ಳದ ಶಾಲೆಯಲ್ಲಿ ಶಿಕ್ಷಕಿಯ ನೌಕರಿ ಸಿಕ್ಕಿತ್ತು. ಊರ ಹೆಸರು ಸುಳ್ಳ, ಹೊರಟವಳು ಸುಳ್ಳಾಡಲು ಬಾರದವಳು ಎಂದು ನಾವು ನಗುತ್ತಿದ್ದೆವು. ಕೇಸಾದರೆ ನೌಕರಿ ಹೋದಂತೆಯೇ. ಅಪ್ಪನಿಗೆ ಠಾಣೆಗೆ ಬರುವ ಧೈರ್ಯವಾಗಲಿಲ್ಲ. ನನಗೋ ಮೈಯೆಲ್ಲ ಉರಿ. ಅಕ್ಕನ ಜೊತೆ ಠಾಣೆಗೆ ಹೋದವಳು ನಾನೇ.

ಫೌಜದಾರರು ಕೆಟ್ಟವರಲ್ಲ, ಹೇಗಾದರೂ ಬೇಗ ಮುಗಿದರೆ ಸಾಕು ಎನ್ನುವವರು. "ತಪ್ಪಾತು ಅಂತ ಒಂದ್ ಮಾತು ಹೇಳಿಬಿಡವಾ, ಮುಗೀತು" ಎಂದರು.

"ನಾ ಬೈದಿಲ್ಲರಿ. ಒಲ್ಲೆ ಅಂದೇನಿ. ಊಟಾ ಒಲ್ಲೆ ಅಂದ್ರ ಅಡಗಿ ಮಾಡಿದಾಕಿಗೆ ಬೈದಂಗ ಆಕ್ಕತೇನ್ರಿ?"

"ಇವರಿಗೆ ನೋವಾಗೇತಿ" ಎಂದು ಫೌಜದಾರರು ಅಲ್ಲೇ ಕುಳಿತಿದ್ದ ಅಂಗಡಿಯವನ ಕಡೆ ಕೈ ತೋರಿಸಿದರು.

"ಆಗಿರಬೇಕ್ರಿ, ಇಲ್ಲ ಅನ್ನಂಗಿಲ್ಲ. ಅವರೂ ನಮ್ಮ ಓಣಿಗೆ ಬಂದು, ನಿಮ್ಮ ಬುದ್ಧ ನಮಗ ಬ್ಯಾಡ ಅನ್ನಲಿ. ನಾ ಕುಂತು ಕೇಳತೇನಿ."

ಎಂಥ ಹೆಣ್ಣು! ನೌಕರಿ ಹೋಗುವ ಹೊತ್ತಿನಲ್ಲೂ ಎದುರಾಳಿಗೆ ಮಾತಾಡುವ ಹಕ್ಕು ಕೊಡುತ್ತಿದ್ದಳು.

ಅಂಗಡಿಯವನಿಗೆ ತಡೆಯಲಾಗಲಿಲ್ಲ. ಎದ್ದು ನಿಂತು, ನಮ್ಮ ಜಾತಿಯ ಹೆಸರು ಹಿಡಿದು ಒಂದು ಮಾತು ಅಂದ. ಅದನ್ನು ಇಲ್ಲಿ ಬರೆಯಲು ನನಗೆ ಇಂದಿಗೂ ಮನಸ್ಸಿಲ್ಲ.

ಅಕ್ಕ ಅವನ ಕಡೆ ತಿರುಗಲೂ ಇಲ್ಲ. "ಸಾಹೇಬ್ರ, ಈಗ ಕೇಳಿದ್ರೆಲ್ಲರಿ? ಬೈಯೂದು ಅಂದ್ರ ಇದು. ಇದನ್ನ ಬರಕೋರಿ."

ಅಂಗಡಿಯವನ ಮುಖ ಇಳಿಯಿತು. ತನ್ನ ಅರ್ಜಿ ವಾಪಸು ತೆಗೆದುಕೊಳ್ಳುತ್ತೇನೆ ಎಂದು ತಡವರಿಸಿದ. ಅಕ್ಕನ ನೌಕರಿ ಉಳಿಯಿತು. ಫೌಜದಾರರು ನಿಟ್ಟುಸಿರು ಬಿಟ್ಟು, "ಛಲೋ ಆತು. ನೀನೂ ಬಿಟ್ಟಬಿಡವಾ, ಎಲ್ಲಾರೂ ಮನಿಗೆ ಹೋಗ್ರಿ" ಎಂದರು. ನಾನು ಎದ್ದೇಬಿಟ್ಟಿದ್ದೆ. ಅಕ್ಕ ನನ್ನ ಸೆರಗು ಜಗ್ಗಿ ಕೂರಿಸಿದಳು. ಫೌಜದಾರರು ಕಾಗದ ತೆಗೆದು ಅವಳ ದೂರನ್ನು ಬರೆದು ಮುಗಿಸುವವರೆಗೂ ನಾವು ಏಳಲಿಲ್ಲ.