ಭಾನುವಾರಕ್ಕೆ ಹೋದ ಆಟ

ನೀಲಗಿರಿ ಎಣ್ಣೆಯ ವಾಸನೆ ಮೂಗಿಗೆ ಬಡಿದರೆ ಸಾಕು, ನನಗೆ ಶುಕ್ರವಾರ ಬಂದಂತಾಗುತ್ತದೆ. ಮೊನ್ನೆ ಈ ಕೊಲ್ಲಿ ನಾಡಿನ ಅಲ್ ಖುವೈರ್‌ನ ನಮ್ಮ ಆಫೀಸಿನ ಲಿಫ್ಟಿನಲ್ಲಿ ಶೀತವಾದ ಯಾರೋ ಕರವಸ್ತ್ರಕ್ಕೆ ಅದನ್ನು ಹಾಕಿಕೊಂಡು ನಿಂತಿದ್ದರು. ನಾನು ಇಳಿಯಬೇಕಾದ ಮಹಡಿಯಲ್ಲಿ ಇಳಿಯದೆ ಮೇಲಿನವರೆಗೂ ಹೋಗಿಬಿಟ್ಟೆ. ಅಲ್ ಗುಬ್ರಾದಲ್ಲಿದ್ದ ನಮ್ಮ ಬಾಡಿಗೆ ಮನೆಯ ಪಡಸಾಲೆ ಕಣ್ಣಮುಂದೆ ಬಂದಿತ್ತು. ವಾರದ ರಜೆಯಾದ ಶುಕ್ರವಾರ ಬೆಳಿಗ್ಗೆ ಅಲ್ಲಿ ಕಾಲಿಡಲು ಜಾಗವಿರುತ್ತಿರಲಿಲ್ಲ. ಘಾಲಾದ ಗ್ಯಾರೇಜುಗಳಲ್ಲಿ ದುಡಿಯುವ ಆರೇಳು ಮಂದಿ ಚಾಪೆಯ ಮೇಲೆ ಕಾಲು ಚಾಚಿ ಕೂತು ಮೊಣಕಾಲಿಗೆ, ಹೆಗಲಿಗೆ ಎಣ್ಣೆ ತಿಕ್ಕಿಕೊಳ್ಳುತ್ತಿದ್ದರು. ಅಡುಗೆಮನೆಯಿಂದ ಅವ್ವ ರೊಟ್ಟಿ ಬಡಿಯುವ ಸದ್ದು. ಎಣ್ಣೆಯ ಘಾಟು, ಬೇಯುತ್ತಿದ್ದ ಜೋಳದ ಹಿಟ್ಟಿನ ಬಿಸಿ ವಾಸನೆ, ಶೇಂಗಾ ಚಟ್ನಿಯ ಬೆಳ್ಳುಳ್ಳಿ ಎಲ್ಲ ಕೂಡಿ ಪರದೆಗಳಲ್ಲಿ ಹೊಕ್ಕು, ಬುಧವಾರದವರೆಗೂ ಹೋಗುತ್ತಿರಲಿಲ್ಲ. ಅಪ್ಪ ಮಾತ್ರ ಒಂದು ಮೂಲೆಯ ಕುರ್ಚಿಯಲ್ಲಿ ಪೇಪರು ಹಿಡಿದು, ಓದುವವನಂತೆ ನಟಿಸುತ್ತ, ಅವರ ಮಾತಿಗೆಲ್ಲ ಒಳಗೊಳಗೇ ನಗುತ್ತಿದ್ದ.

ನಾವು ಗದಗ ಕಡೆಯವರು. ಅಪ್ಪ ಒಂದು ಕಂಪನಿಯಲ್ಲಿ ಕಟ್ಟಡಗಳ ನಕ್ಷೆ ಬರೆಯುತ್ತಿದ್ದ. ಈ ಗ್ಯಾರೇಜಿನವರೋ ಹೆಚ್ಚಾಗಿ ಕರಾವಳಿಯವರು. ಯಾವ ನಂಟೂ ಇಲ್ಲದ ಅವರನ್ನೂ ನಮ್ಮನ್ನೂ ಒಂದೇ ಚಾಪೆಗೆ ತಂದದ್ದು ಕಬಡ್ಡಿ. ಅವರಲ್ಲಿ ಸುಂದರ ಮಾಮಾ ನನಗೆ ಅಚ್ಚುಮೆಚ್ಚು. ಕುಂದಾಪುರದ ಹತ್ತಿರದವನು, ಕಾರುಗಳಿಗೆ ಬಣ್ಣ ಹೊಡೆಯುವವನು. ಅವನ ಉಗುರಿನ ಸಂದಿಯಲ್ಲಿ ಯಾವಾಗಲೂ ಯಾರದೋ ಕಾರಿನ ಬಣ್ಣ ಕೂತಿರುತ್ತಿತ್ತು. ಅವ್ವನನ್ನು ಅಕ್ಕ ಎನ್ನುತ್ತಿದ್ದ, ಅದಕ್ಕೇ ನನಗೆ ಮಾಮಾ ಆದ. ಶಾಲೆಯ ಚಾಳಿಯಲ್ಲಿ ನಾನು ಇಂಗ್ಲಿಷಿನಲ್ಲಿ ಉತ್ತರ ಕೊಟ್ಟರೆ, “ಇಂಗ್ಲಿಷ್ ನಾಳೆ ಮಾತಾಡುವಾ ಮಾರಾಯ್ತಿ, ಇವತ್ತು ಶುಕ್ರವಾರ ಅಲ್ದಾ?” ಎಂದು ಜಡೆ ಎಳೆಯುತ್ತಿದ್ದ.

ಬಿಸಿಲು ಇಳಿದ ಮೇಲೆ ಘಾಲಾದ ವರ್ಕ್‌ಶಾಪುಗಳ ಹಿಂದಿನ ಬಯಲಿನಲ್ಲಿ ಆಟ. ದೀಪವಿಲ್ಲದ ಬಯಲು ಅದು. ಬಂದ ಕಾರುಗಳನ್ನೆಲ್ಲ ಅಂಕಣದ ಸುತ್ತ ಮುಖ ಒಳಗೆ ಮಾಡಿ ನಿಲ್ಲಿಸುತ್ತಿದ್ದರು, ಸೂರ್ಯ ಮುಳುಗಿದ ಕೂಡಲೇ ಯಾರೋ “ಯಲ್ಲಾ, ಲೈಟ್!” ಎಂದು ಕೂಗಿದರೆ ಹೆಡ್‌ಲೈಟುಗಳೆಲ್ಲ ಒಟ್ಟಿಗೆ ಹತ್ತಿಕೊಳ್ಳುತ್ತಿದ್ದವು. ಬೆಳಕಿನಲ್ಲಿ ಧೂಳು ಹೊಗೆಯಂತೆ ಏಳುತ್ತಿತ್ತು. ಅಂಕ ಬಂದಾಗ ಹಾರ್ನ್, ತಪ್ಪಿದಾಗ ಬೈಗುಳ. ಎಲ್ಲದಕ್ಕಿಂತ ದೊಡ್ಡದು ಬೀಳ್ಕೊಡುಗೆಯ ಆಟ. ವೀಸಾ ಮುಗಿಸಿ ಊರಿಗೆ ಹೊರಟವನಿಗೆ ಅಂದು ಮೊದಲ ರೈಡು ಬಿಟ್ಟುಕೊಡುತ್ತಿದ್ದರು. ಆಟ ಮುಗಿದ ಮೇಲೆ ಅವನು ಕೈಕಾಲು ತೊಳೆದುಕೊಂಡು ಪ್ರತಿ ಕಾರಿನ ಡಿಕ್ಕಿಯ ಮುಂದೆಯೂ ನಿಲ್ಲಬೇಕು. ಆ ಕಾರಿನವರ ಮನೆಯ ಹೆಂಗಸು ತನ್ನ ಡಬ್ಬಿಯಿಂದ ಒಂದು ತುತ್ತು ಅವನ ಬಾಯಿಗೆ ಹಾಕಬೇಕು. ಯಾರು ಶುರು ಮಾಡಿದರೋ ತಿಳಿಯದು. ತವರಿನಿಂದ ಕಳಿಸಿದಂತೆ ಕಳಿಸುವುದು ಎಂದು ಅವ್ವ ಹೇಳುತ್ತಿದ್ದಳು. ಗಡ್ಡ ಮೀಸೆ ಬಂದ ಗಂಡಸರು ಬಾಯಿ ತುಂಬ ರೊಟ್ಟಿ ಇಟ್ಟುಕೊಂಡು ಅಳುವುದನ್ನು ನಾನು ಎಷ್ಟು ಸಲ ನೋಡಿದ್ದೇನೋ. ಸುಂದರ ಮಾಮಾ ಬೇರೆಯವರ ಸರದಿಯಲ್ಲೆಲ್ಲ ಮುಂದೆ ನಿಂತು ಗೇಲಿ ಮಾಡುತ್ತಿದ್ದ. ಅವನ ಕೆಲಸ ಖಲಾಸ್ ಆಗಿ ಹೊರಡುವುದು ಗೊತ್ತಾದ ದಿನ ಅವ್ವನಿಗೆ ಹೇಳಿದ್ದು ಒಂದೇ ಮಾತು: “ಅಕ್ಕಾ, ನಂಗೆ ಬೇರೆ ಎಂತದೂ ಬೇಡ. ನನ್ನ ಆಟದ ದಿನ ಒಂದು ಕಾರೂ ತಪ್ಪಿಸ್ಬಾರ್ದು.”

ಆ ವರ್ಷವೇ ಟಿ.ವಿ. ಬಂತು. ಇಲ್ಲಿಯ ನಮ್ಮ ಕನ್ನಡಿಗರ ಸಂಘದ ಅಧ್ಯಕ್ಷರು ಮೈಸೂರಿನವರು, ದೊಡ್ಡ ಹುದ್ದೆಯವರು, ಕಬಡ್ಡಿಯನ್ನು ದೂರದಿಂದಲೇ ಪ್ರೀತಿಸುವವರು. ಊರಿನ ಒಂದು ಚಾನೆಲ್ ನಮ್ಮ ಆ ವರ್ಷದ ಕಬಡ್ಡಿ ಟೂರ್ನಿಯ ಫೈನಲ್ ಪಂದ್ಯವನ್ನು ನೇರ ಪ್ರಸಾರ ಮಾಡಲು ಒಪ್ಪಿದೆ ಎಂದು ಅವರು ನಮ್ಮ ಪಡಸಾಲೆಯಲ್ಲೇ ನಿಂತು ಹೇಳಿದಾಗ ಗ್ಯಾರೇಜಿನವರು ಕುಣಿದಾಡಿದರು. ಊರಿನಲ್ಲಿ ಅಮ್ಮ ನೋಡುತ್ತಾರೆ, ಹೆಂಡತಿ ಮಕ್ಕಳು ನೋಡುತ್ತಾರೆ! ಸುಂದರ ಮಾಮಾನ ಬೀಳ್ಕೊಡುಗೆಯೂ ಅದೇ ಪಂದ್ಯವೆಂದು ತೀರ್ಮಾನವಾಯಿತು. ದಿನ ಯಾವುದು ಎಂದು ಕೇಳಿದ್ದು ಅವ್ವ ಒಬ್ಬಳೇ.

“ಭಾನುವಾರ ಸಂಜೆ. ಊರಲ್ಲಿ ಎಲ್ರೂ ಮನೇಲಿರ್ತಾರೆ ನೋಡಿ, ಅದಕ್ಕೇ ಆ ಹೊತ್ತು ಕೊಟ್ಟಿದಾರೆ.”

“ಊರಾಗ ಮನ್ಯಾಗ ಇರತಾರ್ರೀ. ಇಲ್ಲಿ ಗ್ರೌಂಡಿಗೆ ಯಾರ್ ಬರತಾರ?” ಎಂದಳು ಅವ್ವ.

ಇಷ್ಟು ವರ್ಷ ಇಲ್ಲಿದ್ದೂ ಭಾನುವಾರ ಎಂದೊಡನೆ ಎಲ್ಲರಿಗೂ ರಜೆಯೇ ಹೊಳೆದಿತ್ತು. ಇಲ್ಲಿ ಅದು ಕೆಲಸದ ದಿನ ಎಂಬುದು ಮರೆತೇ ಹೋಗಿತ್ತು. ಊರಿನ ಹೆಸರು ಕೇಳಿದರೆ ಊರಿನ ಕ್ಯಾಲೆಂಡರು ತಲೆಗೆ ಬರುತ್ತದೆ, ಅಂಥ ಜನ ನಾವು. ಶುಕ್ರವಾರಕ್ಕೆ ಬದಲಿಸಿ ಎಂದು ಅಪ್ಪ ಕೇಳಿದ. ಅಧ್ಯಕ್ಷರು ಫೋನ್ ಮಾಡಿ ನೋಡಿದರು. ಶುಕ್ರವಾರ ಸಂಜೆ ಚಾನೆಲಿನಲ್ಲಿ ಧಾರಾವಾಹಿ ಇದೆಯಂತೆ, ಸರಿಸಲು ಆಗುವುದಿಲ್ಲವಂತೆ. ಧಾರಾವಾಹಿಗಿದ್ದ ಮರ್ಯಾದೆ ವಾರವಿಡೀ ಬೆವರು ಸುರಿಸುವ ಮನುಷ್ಯರಿಗೆ ಇರಲಿಲ್ಲ. ಅದನ್ನು ಈಗ ಬರೆಯುವಾಗಲೂ ನನಗೆ ಮೈ ಉರಿಯುತ್ತದೆ.

ಆ ಭಾನುವಾರ ಶಾಲೆಯಿಂದ ಬಂದ ನನ್ನನ್ನು ಯೂನಿಫಾರ್ಮಿನಲ್ಲೇ ಕೂರಿಸಿಕೊಂಡು ಅವ್ವ ಕಾರು ಬಿಟ್ಟಳು. ಆಟಗಾರರಿಗೆ ಅವರವರ ಕಫೀಲರು, ಅಂದರೆ ವೀಸಾ ಕೊಟ್ಟ ಧಣಿಗಳು, ಹೇಗೋ ಬಿಡುವು ಕೊಟ್ಟಿದ್ದರು. ನೋಡುವವರಿಗೆ ಯಾರು ಕೊಡುತ್ತಾರೆ? ಗೋಡೆಯಾಚೆ ವರ್ಕ್‌ಶಾಪುಗಳಲ್ಲಿ ಸುತ್ತಿಗೆಯ ಸದ್ದು ಕೇಳುತ್ತಿತ್ತು. ಸುಂದರ ಮಾಮಾನ ಜೊತೆ ವರ್ಷಗಟ್ಟಲೆ ಒಂದೇ ಕೋಣೆಯಲ್ಲಿ ಮಲಗಿದವರು ಅಲ್ಲೇ, ಕೂಗಿದರೆ ಕೇಳುವಷ್ಟು ದೂರದಲ್ಲಿ, ಯಾರದೋ ಕಾರಿನ ಕೆಳಗೆ ಮಲಗಿ ನಟ್ಟು ತಿರುಗಿಸುತ್ತಿದ್ದರು. ಬಯಲಿನಲ್ಲಿ ಇದ್ದದ್ದು ಅಧ್ಯಕ್ಷರು, ಸಂಘದ ನಾಲ್ಕು ಜನ, ಕೆಲವು ಹೆಂಗಸರು, ಮಕ್ಕಳು. ಅವರನ್ನೂ ಚಾನೆಲಿನವನೊಬ್ಬ ಒಂದೇ ಬದಿಗೆ ಒತ್ತಿ ಕೂರಿಸಿದ, ಕ್ಯಾಮೆರಾಕ್ಕೆ ತುಂಬಿದಂತೆ ಕಾಣಬೇಕಲ್ಲ! ಕಾರುಗಳನ್ನು ದೂರ ನಿಲ್ಲಿಸಿ, ಗಾಜು ಹೊಳೆಯುತ್ತದೆ ಎಂದ. ಹಾರ್ನ್ ಹೊಡೆಯಬೇಡಿ ಎಂದ. ಅವ್ವ ಮಾತ್ರ ಎದ್ದು, ಎದುರು ಬದಿಯ ಖಾಲಿ ಮಣ್ಣಿನಲ್ಲಿ ಹೋಗಿ ಒಬ್ಬಳೇ ಕೂತಳು. ಅದು ಸುಂದರ ಮಾಮಾನ ತಂಡದ ಬದಿ.

ಮೊದಲ ರೈಡಿಗೆ ಗೆರೆಯ ಹತ್ತಿರ ಬಂದು ನಿಂತ ಸುಂದರ ಮಾಮಾನನ್ನು ಜಾಹೀರಾತು ಮುಗಿಯಲಿ ಎಂದು ತಡೆದರು. ಅವನು ತೊಡೆಗೆ ಕೈ ಒರೆಸಿಕೊಳ್ಳುತ್ತ ಸುಮ್ಮನೆ ನಿಂತಿದ್ದ. ಆಮೇಲೆ ಆಡಿದ. ಚೆನ್ನಾಗಿಯೇ ಆಡಿದ, ಸುಮ್ಮನೆ ಹೊಗಳುತ್ತಿಲ್ಲ, ಅವನ ಪ್ರಾಯ ಮೀರಿತ್ತು, ಆದರೂ ಮೂವರನ್ನು ಒಮ್ಮೆಗೇ ಮುಟ್ಟಿ ಬಂದ. ಬಂದು, ಅಭ್ಯಾಸಬಲದಿಂದ ಕಾರುಗಳಿರುತ್ತಿದ್ದ ಕಡೆ ತಿರುಗಿ ಎರಡೂ ಕೈ ಎತ್ತಿದ. ಅಲ್ಲಿ ಅವ್ವನ ಹೊರತು ಯಾರೂ ಇರಲಿಲ್ಲ. “ಭೇಷ್ ಸುಂದರಾ! ಇನ್ನೊಮ್ಮೆ ಹೋಗೋ!” ಎಂದು ಅವ್ವ ಗಂಟಲು ಹರಿಯುವಂತೆ ಕೂಗಿದಳು. ಅವ್ವ ಹಾಗೆ ಕೂಗಿದ್ದನ್ನು ನಾನು ಅದಕ್ಕೆ ಮುಂಚೆ ಕೇಳಿರಲಿಲ್ಲ.

ಗೆದ್ದರು. ಕಪ್ ಕೊಟ್ಟರು, ಫೋಟೋ ಹಿಡಿದರು, ತಂತಿ ಸುತ್ತಿಕೊಂಡರು. ಸುಂದರ ಮಾಮಾ ಕೈಕಾಲು ತೊಳೆದುಕೊಂಡು, ತಲೆ ಬಾಚಿಕೊಂಡು ಬಂದು ನಿಂತ. ಉಳಿದ ಹೆಂಗಸರು ಮಕ್ಕಳನ್ನು ಕರೆದುಕೊಂಡು ಆಗಲೇ ಹೊರಟಿದ್ದರು; ತೆರೆದ ಡಿಕ್ಕಿ ನಮ್ಮದೊಂದೇ. ಅವ್ವ ರೊಟ್ಟಿ ಮುರಿದು ಚಟ್ನಿ ಹಚ್ಚಿ ಬಾಯಿಗಿಟ್ಟಳು. ಒಂದು ತುತ್ತಿಗೆ ನಿಲ್ಲಿಸಲಿಲ್ಲ. ಬರದವರ ಪಾಲನ್ನೂ ತಾನೇ ತಿನ್ನಿಸುವವಳಂತೆ ಇಡುತ್ತಲೇ ಹೋದಳು. ಅಷ್ಟರಲ್ಲಿ ಅವನ ಫೋನ್ ಹೊಡೆದುಕೊಂಡಿತು. ಒತ್ತಿದೊಡನೆ ಅವನ ತಾಯಿಯ ದೊಡ್ಡ ಗಂಟಲು ನಮಗೂ ಕೇಳಿಸಿತು.

“ಎಷ್ಟ್ ಜನ ಮಗಾ! ಚಪ್ಪಾಳಿ ನಿಲ್ಲುದೇ ಇಲ್ಲ! ಅಲ್ಲಿಯವ್ರಿಗೆ ನಿನ್ನ ಕಂಡ್ರೆ ಅಷ್ಟ್ ಪ್ರೀತಿಯಾ?”

ಸುಂದರ ಮಾಮಾ ಬಾಯಲ್ಲಿದ್ದದ್ದನ್ನು ನುಂಗಿದ. ಖಾಲಿ ಬಯಲನ್ನೊಮ್ಮೆ ನೋಡಿದ. “ಹೌದಮ್ಮಾ,” ಎಂದ, “ಎಲ್ಲ್ರೂ ಬಂದಿದ್ರ್.”

ಅಲ್ ಖುವೈರ್‌ನ ಟ್ರಾಫಿಕ್ಕಿನಲ್ಲಿ ಸಿಕ್ಕಿಕೊಂಡಿದ್ದ ಅಪ್ಪ ಆಗ ಬಂದ. “ಮುಗೀತೇನು?” ಎಂದು ಕೇಳಿದ. ಅವ್ವ ಡಬ್ಬಿಯ ಮುಚ್ಚಳ ಹಾಕಿದಳು.

ಮುಂದಿನ ವರ್ಷಗಳಲ್ಲಿ ಬೇರೆ ಪಂದ್ಯಗಳನ್ನೂ ಭಾನುವಾರವೇ ಆಡಿಸಿದರು. ಆಮೇಲೆ ಚಾನೆಲಿಗೆ ಬೇರೇನೋ ಸಿಕ್ಕಿತು, ನಮ್ಮನ್ನು ಬಿಟ್ಟಿತು. ಅಷ್ಟರಲ್ಲಿ ಶುಕ್ರವಾರದ ರೂಢಿ ಸತ್ತಿತ್ತು; ಜನ ಮಾಲುಗಳಿಗೆ ಹೋಗುವುದನ್ನು ಕಲಿತಿದ್ದರು. ಬಯಲಿನಲ್ಲಿ ಈಗ ಗೋದಾಮು ಇದೆ. ನಮ್ಮ ಮನೆಯಲ್ಲಿ ಬೇರೆ ಯಾರೋ ಇದ್ದಾರೆ. ಅಪ್ಪ ತೀರಿಕೊಂಡು ಎರಡು ವರ್ಷದ ಮೇಲೆ ಅವ್ವನೂ ಹೋದಳು. ಚಾಪೆಯ ಮೇಲೆ ಕೂತಿದ್ದವರು ಯಾವ ಯಾವ ಊರಿನಲ್ಲಿದ್ದಾರೋ ಗೊತ್ತಿಲ್ಲ. ನಿಮ್ಮ ಬಾಲ್ಯದಲ್ಲೂ ಇಂಥ ಒಂದು ದಿನವನ್ನು ಯಾರೋ ಕೇಳದೆ ಎತ್ತಿಕೊಂಡು ಹೋಗಿದ್ದರೆ, ನನ್ನ ಸಿಟ್ಟು ನಿಮಗೆ ಅರ್ಥವಾಗುತ್ತದೆ.

ಆ ಪಂದ್ಯದ ವಿಡಿಯೋ ಮಾತ್ರ ಇಂಟರ್‌ನೆಟ್ಟಿನಲ್ಲಿ ಇನ್ನೂ ಇದೆ. ನೋಡುತ್ತಿರುತ್ತೇನೆ. ಸುಂದರ ಮಾಮಾ ಮೂವರನ್ನು ಮುಟ್ಟಿ ಬರುತ್ತಾನೆ, ಕೈ ಎತ್ತುತ್ತಾನೆ, ಎಲ್ಲಿಂದಲೋ ತಂದು ಸುರಿದ ಚಪ್ಪಾಳೆ ಭೋರ್ಗರೆಯುತ್ತದೆ. ಆ ಸಂಜೆ ಅವನ ಹೆಸರು ಹಿಡಿದು ಕೂಗಿದವಳು ಒಬ್ಬಳೇ. ವಾಲ್ಯೂಮ್ ಪೂರ್ತಿ ಏರಿಸಿ, ಕಿವಿ ಒತ್ತಿ ಕೂರುತ್ತೇನೆ. ಅವ್ವನ ಧ್ವನಿ ಕೇಳಿಸುವುದಿಲ್ಲ.