ಸೀಟು ಹಿಡಿದ ಟವೆಲು

ಬೀಗರ ಎಲೆಯಡಿಕೆಗೆ ಬೇಕೆಂದೇ ಸುಣ್ಣ ಹೆಚ್ಚು ಬಳಿದವನು ನಾನು. ಅರಳಿಕಟ್ಟೆಯ ಮೇಲೆ ಮಲಗಿದ್ದ ಗೆಳೆಯನ ಚಪ್ಪಲಿಗಳನ್ನು ಎಮ್ಮೆಯ ಕೊಂಬಿಗೆ ಕಟ್ಟಿದವನೂ ನಾನೇ. ಗುಂಡ್ಲುಪೇಟೆ ಸೀಮೆಯಲ್ಲಿ ನನ್ನಷ್ಟು ಕಿತಾಪತಿ ಮಾಡಿದವನು ಇನ್ನೊಬ್ಬನಿಲ್ಲ. ಇದ್ದರೆ ಕರೆದುಕೊಂಡು ಬನ್ನಿ, ಅವನಿಗೂ ಒಂದು ಎಲೆ ಮಡಿಸಿ ಕೊಡುತ್ತೇನೆ. ಆದರೆ ಬಸ್ಸಿನಲ್ಲಿ ಬೇರೆಯವರು ಸೀಟಿಗೆ ಹಾಕಿದ ಟವೆಲನ್ನು ಈ ಕೈ ಇವತ್ತಿನವರೆಗೂ ಎತ್ತಿಲ್ಲ.

ಹೋದ ವರ್ಷ ಚಾಮರಾಜನಗರದಲ್ಲಿ ಹೆಂಡತಿಯ ಕಣ್ಣಿನ ಪೊರೆ ತೆಗೆಸಿ, ಕಪ್ಪು ಕನ್ನಡಕ ಹಾಕಿಸಿ, ಊರಿಗೆ ಕರೆದುಕೊಂಡು ಹೊರಟಿದ್ದೆ. ತಲೆ ಅಲುಗದ ಹಾಗೆ ಕೂರಿಸಿಕೊಂಡು ಹೋಗಿ ಎಂದು ಡಾಕ್ಟರು ಹೇಳಿದ್ದರು. ಬಸ್ಸಿನಲ್ಲಿ ಕಾಲಿಡಲು ಜಾಗವಿಲ್ಲ. ಖಾಲಿಯಿದ್ದದ್ದು ಒಂದೇ ಸೀಟು. ಯಾರೋ ಕಿಟಕಿಯಿಂದ ಟವೆಲು ಎಸೆದು, ಅದನ್ನೂ ಹಿಡಿದು ಹೋಗಿದ್ದರು.

“ಅದ ಎತ್ತಿ ಅತ್ಲಾಗ್ ಮಡಗಿ, ಕೂತ್ಕತಿನಿ,” ಎಂದಳು ಹೆಂಡತಿ.

“ಬ್ಯಾರೇವ್ರು ಹಿಡ್ದಿರ ಸೀಟು ಕಣಮ್ಮಿ.”

“ಕಂಡೋರ ಚಪ್ಲಿಯ ಎಮ್ಮೆಗ್ ಕಟ್ಟುವಾಗ ಈ ಗ್ಯಾನ ಎಲ್ಲೋಗಿತ್ತು?”

ಬಸ್ಸೆಲ್ಲ ನಕ್ಕಿತು. ಕಂಡಕ್ಟರನೂ ಅವಳ ಕಡೆಗೇ ಸೇರಿಕೊಂಡ. “ಕಣ್ಣು ಆಪ್ರೇಸನ್ ಆಗ್ಯದೆ, ಕೂರ್ಸಿ ಯಜಮಾನ್ರೇ. ಯಾರೂ ಏನೂ ಅನ್ನಕಿಲ್ಲ.”

“ಇವತ್ತು ಇವ್ಳ ಕಣ್ಣು ಅಂತ ನಾನೆತ್ತುದ್ರೆ, ನಾಳಿಕೆ ಮಂಡಿನೋವು ಅಂತ ಇನ್ನೊಬ್ಬ ಎತ್ತನೆ. ಎಲ್ರೂ ಎತ್ತುದ್ರೆ ಆಮೇಕೆ ಟವಲ್ ಎಸ್ದು ಏನ್ಲಾ ಪ್ರಯೋಜ್ನ? ಮೈ ಒರ್ಸ್ಕೊಳಕೆ ಅಷ್ಟೇಯ,” ಎಂದೆ.

ಬಸ್ಸು ಜಗ್ಗಿ ಹೊರಟಿತು. ಅವಳು ಕಂಬಿಯನ್ನು ಎರಡೂ ಕೈಯಲ್ಲಿ ಅವುಚಿಕೊಂಡಳು. ನಾನು ಹಿಂದೆ ನಿಂತು ಅವಳ ತಲೆ ಅಲುಗದ ಹಾಗೆ ಹಿಡಿದುಕೊಂಡೆ. ಆದರೂ ಟವೆಲಿಗೆ ಕೈ ಚಾಚಲಿಲ್ಲ.

ಅಷ್ಟರಲ್ಲಿ ಹಿಂದಿನ ಬಾಗಿಲಲ್ಲಿ ಅರಿಶಿನದ ಮೂಟೆ ಹಾಕಿ ಹತ್ತಿದ್ದ ದಪ್ಪನೆಯ ಆಸಾಮಿಯೊಬ್ಬ ಜನರನ್ನು ಸರಿಸಿಕೊಂಡು ಬಂದ. “ಅರೆ, ಅಂಗೇ ಅದೆಯಲ್ಲ ನನ್ ಟವಲು,” ಎಂದು ಹಿಗ್ಗಿ ಕೂತ. ಅವನಿನ್ನೂ ಬೆನ್ನು ಒರಗಿಸಿರಲಿಲ್ಲ, ನಾನು ಇಡೀ ಬಸ್ಸಿಗೆ ಕೇಳಿಸುವಂತೆ ಹೆಂಡತಿಗೆ ಹೇಳಿದೆ:

“ನೋಡ್ಕೊ ಕಣಮ್ಮಿ, ಈ ಅಣ್ಣ ನಿಂಗೆ ಸೀಟ್ ಬುಟ್ಕೊಡ್ತರೆ. ಎಂಥಾ ಧರ್ಮಾತ್ಮ.”

ಎಲ್ಲರೂ ಅವನತ್ತ ತಿರುಗಿದರು. ನಾನು ಹೇಳಿದ್ದು ಸುಳ್ಳಲ್ಲ, ಆಗುವುದಕ್ಕೆ ಸ್ವಲ್ಪ ಮುಂಚೆ ಹೇಳಿದ ನಿಜ.

“ಬಲೇ ಕಿಲಾಡಿ ಕಣ್ ಬುಡಿ ಯಜಮಾನ್ರೇ,” ಎಂದು ನಗುತ್ತಲೇ ಎದ್ದ. ಟವೆಲು ಕೊಡವಿ ಹೆಗಲಿಗೆ ಹಾಕಿಕೊಂಡು, ಅವಳ ರಟ್ಟೆ ಹಿಡಿದು ತಾನೇ ಕೂರಿಸಿದ.

ತೆರಕಣಾಂಬಿ ದಾಟಿದ ಮೇಲೆ ಹೆಂಡತಿ ತಲೆ ಅಲುಗಿಸದೆ ಹೇಳಿದಳು: “ನೀವು ಆಗ್ಲೇ ಎತ್ತಿದ್ರೂ ನಾನು ಇಲ್ಲೇ ಕೂತಿರ್ತಿದ್ದಿ.”

“ಕೂತಿರ್ತಿದ್ದೆ. ಆದ್ರೆ ಈ ಅಣ್ಣನ ಕುಟ್ಟೆ ಜಗಳ ಆಡ್ಕಂಡು.”

ಆ ಅಣ್ಣ ಅರಿಶಿನದ ರೇಟು ಹೇಳುತ್ತ ಗುಂಡ್ಲುಪೇಟೆವರೆಗೂ ನನ್ನ ಪಕ್ಕ ನಿಂತೇ ಬಂದ. ಉಸಿರಾಡಲೂ ಜಾಗವಿಲ್ಲದ ಆ ಬಸ್ಸಿನಲ್ಲಿ ನಾನು ಎದೆ ಉಬ್ಬಿಸಿಕೊಂಡು ನಿಂತೆ.