ನಾಲ್ಕು ಸೆಂಟಿಮೀಟರಿನ ಸುಳ್ಳು

ಮಗಳು ವಾಸ್ತುಶಿಲ್ಪದ ಎರಡನೇ ವರ್ಷಕ್ಕೆ ಬಂದಾಗ ಅವಳ ಕಂಪ್ಯೂಟರು ಕೈಕೊಟ್ಟಿತು. ಪರದೆಯ ಮೇಲೆ ತಾನು ಕಟ್ಟಿದ ಕಟ್ಟಡವನ್ನು ಒಂದು ಸುತ್ತು ತಿರುಗಿಸಹೊರಟರೆ, ಅದು ಮಂಡಿನೋವಿನವರು ಮೆಟ್ಟಿಲು ಹತ್ತಿದ ಹಾಗೆ ನಿಂತು ನಿಂತು ತಿರುಗುತ್ತಿತ್ತು. ಹೊಸ ಗ್ರಾಫಿಕ್ಸ್ ಕಾರ್ಡ್ ಬೇಕೆಂದಳು. ಟೋಕಿಯೊ ಪಕ್ಕದ ಕಾಶಿವಾದಲ್ಲಿ ಅವಳ ಕಾಲೇಜಿನ ಹಿರಿಯ ವಿದ್ಯಾರ್ಥಿನಿಯೊಬ್ಬಳು ಒಂದು ಸಣ್ಣ ಕಾರ್ಡನ್ನು ಸೂಚಿಸಿಯೂ ಇದ್ದಳು.

ಸಣ್ಣದೇ? ನಾನಿರುವಾಗ? ಮೋಟಾರು ಬಿಡಿಭಾಗಗಳ ನಕ್ಷೆ ಪರಿಶೀಲಿಸುತ್ತಲೇ ತಲೆ ನರೆಸಿಕೊಂಡವನು ನಾನು. ಅಳತೆ ಕೂದಲೆಳೆಯಷ್ಟು ತಪ್ಪಿದರೂ ಕೆಂಪು ಗೀಟು ಹಾಕಿ ವಾಪಸು ಕಳಿಸುವುದೇ ನನ್ನ ಹೊಟ್ಟೆಪಾಡು.

ಎರಡು ವಾರ ಕೂತು ಕೋಷ್ಟಕ ಮಾಡಿದೆ. ಮೆಮೊರಿ ಎಷ್ಟು, ಕರೆಂಟು ಎಷ್ಟು ತಿನ್ನುತ್ತದೆ, ಗ್ಯಾರಂಟಿ ಎಷ್ಟು ವರ್ಷ, ಹೀಗೆ ಹನ್ನೊಂದು ಕಾಲಮು. ನಮ್ಮ ಹಿರಿಯರು ಗಂಡು ಹುಡುಕುವಾಗಲೂ ಇಷ್ಟು ವಿಚಾರಿಸಿರಲಾರರು. ಉದ್ದದ ಕಾಲಮು ಮಾತ್ರ ಇರಲಿಲ್ಲ. ಮಗಳು ಕಂಪ್ಯೂಟರಿನ ಕ್ಯಾಬಿನೆಟ್ ಬಿಚ್ಚಿ, ಟೇಪಿನಲ್ಲಿ ಅಳೆದು, 'ಅಪ್ಪ, 26 ಸೆಂಟಿಮೀಟರ್ ಒಳಗೆ' ಎಂದು ಹಳದಿ ಚೀಟಿ ಬರೆದು ನನ್ನ ಲ್ಯಾಪ್‌ಟಾಪಿಗೆ ಅಂಟಿಸಿದ್ದಳು. ಜಪಾನಿನಲ್ಲಿ ಬೆಳೆದ ಮಗು ಕನ್ನಡ ಎಷ್ಟು ದುಂಡಗೆ ಬರೆದಿದೆ ಎಂದು ಹೆಮ್ಮೆಪಟ್ಟೆನೇ ಹೊರತು ಅಂಕಿಯನ್ನು ನೋಡಲಿಲ್ಲ.

ಟೋಕಿಯೊದ ಎಲೆಕ್ಟ್ರಾನಿಕ್ಸ್ ಪೇಟೆಯಾದ ಅಕಿಹಬರಾದಿಂದ ಮೂರು ಫ್ಯಾನಿನ ಕಾರ್ಡು ತಂದೆ. ಅದು ಮೂವತ್ತು ಸೆಂಟಿಮೀಟರಿತ್ತು.

"ಹೋಗಲ್ಲ ಅಪ್ಪ."

"ಸ್ವಲ್ಪ ಓರೆ ಮಾಡು."

"ಓರೆ ಮಾಡಿದ್ರೆ ಉದ್ದ ಕಡಿಮೆ ಆಗತ್ತಾ?"

ಬಿಚ್ಚಿದ ಮಾಲನ್ನು, ಮೊದಲೇ ಕೆಟ್ಟಿದ್ದರೆ ಹೊರತು, ವಾಪಸು ತೆಗೆದುಕೊಳ್ಳುವುದಿಲ್ಲ ಎಂದು ರಸೀದಿಯ ಹಿಂದೆ ಬರೆದಿತ್ತು. ಓದಿ ಹೇಳಿದವಳೂ ಅವಳೇ. ಇಲ್ಲಿಗೆ ಬಂದು ಹದಿನಾಲ್ಕು ವರ್ಷವಾದರೂ ನನಗೆ ಜಪಾನಿ ಕೇಳಿದರೆ ತಿಳಿಯುತ್ತದೆ, ಓದಲು ಬಾರದು, ಮಾತು ಹಾಲು-ಬ್ರೆಡ್ಡು ಕೊಳ್ಳುವ ಕೊಂಬಿನಿ ಅಂಗಡಿಯ ಬಾಗಿಲು ದಾಟುವುದಿಲ್ಲ. ಹಾಗಾಗಿ ಮರುದಿನ ಅಂಗಡಿಗೆ ಅವಳನ್ನೂ ಕರೆದೊಯ್ದೆ.

"ಕೆಟ್ಟಿದೆ ಅಂತ ಹೇಳು," ಎಂದೆ ಕೌಂಟರಿನ ಮುಂದೆ.

"ಕೆಟ್ಟಿಲ್ವಲ್ಲ!"

"ಹೇಳಮ್ಮ. ಸ್ಕ್ರೀನು ಕಪ್ಪಗಾಗತ್ತೆ ಅನ್ನು."

ನನ್ನ ಮುಖವನ್ನೇ ಒಂದು ಗಳಿಗೆ ನೋಡಿದಳು. ಆಮೇಲೆ ಹೇಳಿದಳು. ಅಂಗಡಿಯ ತರುಣ ಸೊಂಟದವರೆಗೆ ಬಗ್ಗಿ ಕ್ಷಮೆ ಕೇಳಿದ. ಕಾರ್ಡನ್ನು ತನ್ನ ಯಂತ್ರಕ್ಕೆ ಸಿಕ್ಕಿಸಿದ. ಚಿತ್ರ ಲಕ್ಷಣವಾಗಿ ಮೂಡಿತು. ಅವನಿಗೆ ಸಮಾಧಾನವಾಗಲಿಲ್ಲ. ಕೇಬಲ್ ಬದಲಾಯಿಸಿದ, ಪರದೆ ಬದಲಾಯಿಸಿದ, ದೋಷ ತನಗೆ ಸಿಗುತ್ತಿಲ್ಲವೆಂದು ಒಂದೊಂದು ಸಲವೂ ಕ್ಷಮೆ ಕೇಳಿದ. ಇಲ್ಲದ ದೋಷಕ್ಕೆ ಅವನು ಬಗ್ಗಿದಷ್ಟೂ ನನ್ನ ಬೆನ್ನು ಸೆಟೆಯುತ್ತಿತ್ತು. ಮಗಳ ಕಿವಿ ಕೆಂಪಾಗಿತ್ತು.

ಮೂರನೆಯ ಸಲ ಅವನು ಬಗ್ಗಿದಾಗ ಅವಳೂ ಬಗ್ಗಿದಳು. "ಸುಮಿಮಾಸೆನ್," ಎಂದು ಕ್ಷಮೆಯಿಂದಲೇ ಶುರುಮಾಡಿ, ಕಾರ್ಡು ಸರಿಯಾಗಿಯೇ ಇದೆ, ಕ್ಯಾಬಿನೆಟ್ಟಿನಲ್ಲಿ ಹಿಡಿಸಲಿಲ್ಲ, ಅಳೆಯದೆ ಕೊಂಡದ್ದು ತಾನು, ಸುಳ್ಳು ಹೇಳಿದ್ದೂ ತಾನೇ ಎಂದಳು. ಪ್ರತಿಯೊಂದು ಮಾತೂ ನನಗೆ ಅರ್ಥವಾಯಿತು. ಭಾಷೆ ಬಾರದವನ ಹಾಗೆ ಪಕ್ಕದ ಗಾಜಿನ ಕಪಾಟನ್ನು ನೋಡುತ್ತ ನಿಂತಿದ್ದೆ.

ತರುಣ ಸಿಟ್ಟಾಗಲಿಲ್ಲ. ಆಗಿದ್ದರೆ ಚೆನ್ನಾಗಿತ್ತು. ವಾಪಸು ಪಡೆಯಲಾರೆ, ಬಳಸಿದ ಮಾಲೆಂದು ಕೊಳ್ಳಬಲ್ಲೆ ಎಂದ. ಆ ಹಣಕ್ಕೆ ಹಿರಿಯ ವಿದ್ಯಾರ್ಥಿನಿ ಹೇಳಿದ್ದ ಸಣ್ಣ ಕಾರ್ಡು ಬಂತು.

ಮೆಟ್ಟಿಲಿಳಿಯುವಾಗ ಕೇಳಿದೆ: "ನಿನ್ನ ಮೇಲೆ ಯಾಕೆ ಹಾಕ್ಕೊಂಡೆ?"

"ನಿನ್ನ ವಯಸ್ಸಿನವರು ಸುಳ್ಳು ಹೇಳಿದ್ರು ಅಂದ್ರೆ ಆ ಅಂಗಡಿಯವರಿಗೆ ಬೇಜಾರಾಗತ್ತೆ ಅಪ್ಪ."

ಅವರಿಗಂತೆ. ನನಗಲ್ಲ. ಅವಳನ್ನು ಕೆಳಗೆ ನಿಲ್ಲಿಸಿ, ನಿಜ ಹೇಳಿಬರುತ್ತೇನೆಂದು ಘನಗಂಭೀರನಾಗಿ ಮತ್ತೆ ಮೇಲಕ್ಕೆ ಹೋದೆ. ನಾಲ್ಕು ಜಪಾನಿ ವಾಕ್ಯಗಳನ್ನು ಬಾಯಲ್ಲೇ ಜೋಡಿಸಿಕೊಂಡು ಸಾಲಿನಲ್ಲಿ ನಿಂತೆ. ನನ್ನ ಸರದಿ ಬಂತು. ತರುಣ ಗುರುತು ಹಿಡಿದು ನಕ್ಕ. ಕೈಗೆ ಸಿಕ್ಕ ಮೌಸ್ ಪ್ಯಾಡೊಂದನ್ನು ಅವನ ಮುಂದಿಟ್ಟು, ದುಡ್ಡು ಕೊಟ್ಟು ಇಳಿದುಬಂದೆ.

"ಹೇಳಿದ್ಯಾ?"

"ಹ್ಞೂಂ."

ಅವಳು ನನ್ನ ಕೈಯಲ್ಲಿದ್ದ ಅಂಗಡಿಯ ಹೊಸ ಚೀಲವನ್ನು ನೋಡಿದಳು. ಸ್ಟೇಷನ್ನಿನ ಕಡೆ ಹೆಜ್ಜೆ ಹಾಕಿದಳು.